ಮುಪ್ಪಿನಲ್ಲಿ ವಿದ್ಯಾಭ್ಯಾಸವೂ ಜ್ಞಾಪಕಶಕ್ತಿಯೂ

“ಅರವತ್ತಕ್ಕೆ ಅರಳು ಮರಳು” ಎಂಬ ಗಾದೆಯು ನಮ್ಮ ನಾಡಿನಲ್ಲಿ ಯಾರ ಬಾಯಲ್ಲಿ ಇಲ್ಲ? “ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?” ಎಂಬುದು ಇನ್ನೊಂದು. ಮೊದಲನೆಯದು ವೃದ್ಧರ ನೆನಪನ್ನು ಹಳಿಯುತ್ತದೆ. ಎರಡನೆಯದು ಅವರು ಇನ್ನು ಕಲಿಯಲಾರರೆಂದು ತೀರ್ಪು ಕೊಡುತ್ತದೆ. ಈ ಎರಡು ಗಾದೆಗಳೂ ಕೂಡಿಕೊಂಡು ನಮ್ಮ ಪಟ್ಟಣಗಳ ಎಷ್ಟೋ ಮಂದಿ ಹಿರಿಯರನ್ನು ಜಗಲಿಯ ಮೂಲೆಗೆ ಕೂರಿಸಿಬಿಟ್ಟಿವೆ. ಗಾದೆಗಳು ಅನುಭವದ ಮಾತುಗಳೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವುಗಳನ್ನೂ ಒಮ್ಮೊಮ್ಮೆ ಸಾಕ್ಷ್ಯದ ಮುಂದೆ ನಿಲ್ಲಿಸಿ ವಿಚಾರಿಸಬೇಕಾಗುತ್ತದೆ. ಮುಪ್ಪಿನಲ್ಲಿ ಹೊಸ ಪಾಠ ಹೇಳಿಸಿಕೊಂಡರೆ ನೆನಪಿಗೆ ಪ್ರಯೋಜನವುಂಟೇ, ಉಂಟಾದರೆ ಎಷ್ಟು, ಯಾವ ಬಗೆಯ ಪಾಠದಿಂದ ಎಂಬ ವಿಷಯವನ್ನು ಕಳೆದ ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ಹಲವು ದೇಶಗಳ ವಿದ್ವಾಂಸರು ಪರೀಕ್ಷಿಸಿ ನೋಡಿದ್ದಾರೆ. ಅದರ ಸಾರವನ್ನು ವಾಚಕರ ಮುಂದಿಟ್ಟು, ಅದರಿಂದ ನಮ್ಮ ಊರುಗಳಿಗೆ ಒದಗುವ ಕರ್ತವ್ಯವೇನೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಮ್ಮನ್ನು ಈ ವಿಚಾರಕ್ಕೆ ಹಚ್ಚಿದವರು ನಮ್ಮ ಸ್ನೇಹಿತರೊಬ್ಬರು. ಅವರು ಧಾರವಾಡದ ಕಡೆಯವರು. ಕಂದಾಯ ಇಲಾಖೆಯಲ್ಲಿ ಮೂವತ್ತು ವರ್ಷಕ್ಕೂ ಮಿಗಿಲಾಗಿ ದುಡಿದು ಶಿರಸ್ತೇದಾರರಾಗಿ ನಿವೃತ್ತರಾದವರು. ಸರ್ವೆ ನಂಬರುಗಳನ್ನು ಕಾಗದ ನೋಡದೆ ಹೇಳಬಲ್ಲವರೆಂದು ಕಚೇರಿಯಲ್ಲಿ ಅವರಿಗೆ ಹೆಸರಿತ್ತು. ನಿವೃತ್ತಿಯಾದ ಆರು ವರ್ಷಗಳ ಮೇಲೆ ನಾವು ಅವರನ್ನು ಕಂಡಾಗ, ಬೆಳಗ್ಗೆ ಓದಿದ ಪತ್ರಿಕೆಯ ಸುದ್ದಿಯು ಸಂಜೆಗೆ ಅವರ ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲ. ಮಾತಿನ ನಡುವೆ ಹಳೆಯ ಪರಿಚಿತರ ಹೆಸರು ಸಿಕ್ಕದೆ ತಡವರಿಸುತ್ತಿದ್ದರು. ವೈದ್ಯರು ಪರೀಕ್ಷಿಸಿ, ರೋಗವೇನೂ ಕಾಣುವುದಿಲ್ಲವೆಂದು ಹೇಳಿ ಕಳುಹಿಸಿದ್ದರು. ಆಗ ಅವರಿಗೆ ಮೋಡಿ ಲಿಪಿಯನ್ನು ಕಲಿಯಬೇಕೆಂಬ ಮನಸ್ಸಾಯಿತು. ಹಿಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳ ಹಳೆಯ ದಫ್ತರಗಳೆಷ್ಟೋ ಆ ಲಿಪಿಯಲ್ಲಿವೆ; ನೌಕರಿಯಲ್ಲಿದ್ದಾಗ ಅವುಗಳನ್ನು ಓದಲಾರದೆ ಬೇರೆಯವರನ್ನು ಕೇಳಬೇಕಾಗುತ್ತಿತ್ತೆಂಬ ಕೊರಗು ಅವರಿಗೆ ಉಳಿದಿತ್ತು. ಊರಿನಲ್ಲಿ ಸಂಜೆಯ ತರಗತಿಯೊಂದು ನಡೆಯುತ್ತಿದೆಯೆಂದು ಕೇಳಿ ಅಲ್ಲಿಗೆ ಹೋದರು. ಅಲ್ಲಿಯ ಗುಮಾಸ್ತನು ಅರ್ಜಿಯಲ್ಲಿ ಬರೆದ ವಯಸ್ಸನ್ನು ನೋಡಿ, “ಅಜ್ಜಾರ, ಈ ವಯಸ್ಸಿನ್ಯಾಗ ನಿಮಗ್ಯಾಕ್ರಿ ಈ ತ್ರಾಸು? ಮನ್ಯಾಗ ಆರಾಮ ಇರ್ರಿ” ಎಂದು ಅರ್ಜಿಯನ್ನು ಹಿಂದಕ್ಕೆ ಕೊಟ್ಟನಂತೆ. ಆ ಹುಡುಗನ ಮಾತಿನಲ್ಲಿ ಅಗೌರವವಿರಲಿಲ್ಲ, ಮರುಕವಿತ್ತು. ಅದೇ ನಮ್ಮನ್ನು ಹೆಚ್ಚಾಗಿ ನೋಯಿಸಿತು.

ವಯಸ್ಸಾದಂತೆ ಆಗುವುದೇನು?

ನೆನಪೆಂಬುದು ಒಂದೇ ಶಕ್ತಿಯೆಂದು ನಾವು ವ್ಯವಹಾರದಲ್ಲಿ ಮಾತನಾಡುತ್ತೇವೆ. ಶಾಸ್ತ್ರಜ್ಞರು ಅದನ್ನು ಹಲವು ಬಗೆಯಾಗಿ ವಿಂಗಡಿಸುತ್ತಾರೆ. ಶಬ್ದಗಳ ಅರ್ಥ, ಲೋಕದ ಸಾಮಾನ್ಯ ಜ್ಞಾನ, ಇವು ಒಂದು ಬಗೆ. ಇವು ಅರವತ್ತು ದಾಟಿದವರಲ್ಲಿಯೂ ಬಹುಮಟ್ಟಿಗೆ ಚೆನ್ನಾಗಿಯೇ ಉಳಿಯುತ್ತವೆ. ಸೈಕಲ್ ನಡೆಸುವುದು, ಹಾರ್ಮೋನಿಯಂ ಬಾರಿಸುವುದು ಮೊದಲಾಗಿ ಕೈಕಾಲುಗಳಿಗೆ ರೂಢಿಯಾದ ವಿದ್ಯೆ ಇನ್ನೊಂದು ಬಗೆ. ಅದೂ ಸುಲಭವಾಗಿ ಅಳಿಯುವುದಿಲ್ಲ. ನಿನ್ನೆ ಯಾರು ಬಂದಿದ್ದರು, ಏನು ಹೇಳಿದರು, ಕನ್ನಡಕವನ್ನು ಎಲ್ಲಿಟ್ಟೆ ಎಂಬ ನಡೆದ ಸಂಗತಿಯ ನೆನಪು ಮೂರನೆಯ ಬಗೆ. ವಯಸ್ಸು ಮೊದಲು ಕೈಯಿಡುವುದು ಇದರ ಮೇಲೆ. ಮಿದುಳಿನಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಸಣ್ಣ ಭಾಗವೊಂದಿದೆ. ಹೊಸ ಸಂಗತಿಯನ್ನು ಮನಸ್ಸಿನಲ್ಲಿ ದಾಖಲಿಸುವ ಕಾರ್ಯದಲ್ಲಿ ಅದಕ್ಕೆ ಪ್ರಧಾನ ಪಾತ್ರವುಂಟು. ವರ್ಷಗಳು ಕಳೆದಂತೆ ಅದು ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತದೆ. ಇದಲ್ಲದೆ, ಕಂಡದ್ದನ್ನೂ ಕೇಳಿದ್ದನ್ನೂ ಗ್ರಹಿಸುವ ವೇಗವು ನಡುವಯಸ್ಸಿನಿಂದಲೇ ತಗ್ಗುತ್ತ ಬರುತ್ತದೆ.

ಇಲ್ಲಿ ಇನ್ನೊಂದು ಮಾತನ್ನು ಗಮನಿಸತಕ್ಕದ್ದು. ನಾವು ಮರೆವು ಎಂದು ಕರೆಯುವುದರಲ್ಲಿ ಬಹುಭಾಗವು ಮೊದಲು ಮನಸ್ಸಿಗೆ ಹೊಕ್ಕೇ ಇರುವುದಿಲ್ಲ. ಗಮನವಿಲ್ಲದೆ ಕೇಳಿದ ಹೆಸರು ಮರೆತುಹೋಯಿತೆಂದು ಹೇಳುವುದು, ಖಜಾನೆಗೆ ಕಟ್ಟದ ಹಣ ಕಳುವಾಯಿತೆಂದು ಹೇಳಿದಂತೆ. ನಿವೃತ್ತನಾದವನಿಗೆ ಸೋಮವಾರವೂ ಒಂದೇ, ಗುರುವಾರವೂ ಒಂದೇ. ಒಂದು ದಿನವನ್ನು ಇನ್ನೊಂದರಿಂದ ಬೇರ್ಪಡಿಸುವ ಗುರುತೇ ಇಲ್ಲದಿರುವಾಗ ಮನಸ್ಸು ಯಾವುದನ್ನು ಹಿಡಿದಿಟ್ಟುಕೊಂಡೀತು? ಆದುದರಿಂದ ವೃದ್ಧರ ಮರೆವಿಗೆ ಮಿದುಳಿನ ಮುಪ್ಪೊಂದೇ ಕಾರಣವೋ, ಅವರಿಗೆ ನಾವು ಒದಗಿಸಿರುವ ಬರಿದಾದ ದಿನಚರಿಯೂ ಕಾರಣವೋ ಎಂಬ ಪ್ರಶ್ನೆಯು ಸಹಜವಾಗಿಯೇ ಏಳುತ್ತದೆ.

ಪರೀಕ್ಷೆಗಳು ಹೇಳುವುದೇನು?

ಈ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾನಿಲಯದ ಡಲ್ಲಾಸ್ ಶಾಖೆಯಲ್ಲಿ ಡೆನೀಸ್ ಪಾರ್ಕ್ ಎಂಬ ವಿದುಷಿಯೂ ಅವರ ಸಂಗಡಿಗರೂ ಒಂದು ಪರೀಕ್ಷೆಯನ್ನು ನಡೆಸಿ, ಅದರ ಫಲವನ್ನು ೨೦೧೪ರಲ್ಲಿ ಪ್ರಕಟಿಸಿದರು. ೬೦ರಿಂದ ೯೦ ವರ್ಷದೊಳಗಿನ ೨೨೧ ಮಂದಿ ಅದರಲ್ಲಿ ಪಾಲುಗೊಂಡಿದ್ದರು. ಕೆಲವರಿಗೆ ನಮ್ಮ ಕೌದಿಯ ಜಾತಿಯ ಹೊದಿಕೆಗಳನ್ನು ಹೊಸ ಹೊಸ ವಿನ್ಯಾಸದಲ್ಲಿ ಹೊಲಿಯುವುದನ್ನು ಕಲಿಸಲಾಯಿತು. ಕೆಲವರಿಗೆ ಡಿಜಿಟಲ್ ಛಾಯಾಗ್ರಹಣವನ್ನೂ, ತೆಗೆದ ಚಿತ್ರಗಳನ್ನು ಗಣಕಯಂತ್ರದಲ್ಲಿ ತಿದ್ದುವುದನ್ನೂ ಕಲಿಸಲಾಯಿತು. ಮತ್ತೆ ಕೆಲವರಿಗೆ ಎರಡನ್ನೂ ಕಲಿಸಲಾಯಿತು. ವಾರಕ್ಕೆ ಸುಮಾರು ಹದಿನೈದು ಗಂಟೆಯಂತೆ ಮೂರು ತಿಂಗಳ ಪಾಠ. ಇವರಿಗೆ ಹೋಲಿಸಿ ನೋಡುವುದಕ್ಕಾಗಿ ಬೇರೆ ಗುಂಪುಗಳಿದ್ದವು. ಒಂದು ಗುಂಪಿನವರು ಅಷ್ಟೇ ಹೊತ್ತು ಒಟ್ಟಾಗಿ ಸೇರಿ ಹರಟೆ, ಆಟ, ವಿಹಾರಗಳಲ್ಲಿ ಕಳೆದರು. ಇನ್ನೊಂದು ಗುಂಪಿನವರು ಮನೆಯಲ್ಲಿ ಸಂಗೀತ ಕೇಳುವುದು, ಪದಗಳ ಆಟ ಆಡುವುದು ಮುಂತಾದ ಸುಲಭದ ಕೆಲಸ ಮಾಡಿದರು. ಮೂರು ತಿಂಗಳ ತರುವಾಯ ಅಳೆದು ನೋಡಲಾಗಿ, ಹೊಸ ವಿದ್ಯೆಯನ್ನು ಕಲಿತವರಲ್ಲಿ ನಡೆದ ಸಂಗತಿಯ ನೆನಪು ಉತ್ತಮಗೊಂಡಿತ್ತು. ಛಾಯಾಗ್ರಹಣವನ್ನು ಕಲಿತವರಲ್ಲಿ ಅದು ಹೆಚ್ಚು ಸ್ಪಷ್ಟವಾಗಿತ್ತು. ಹರಟೆಯ ಗುಂಪಿಗೂ ಮನೆಯ ಗುಂಪಿಗೂ ಅಂತಹ ಲಾಭ ದೊರೆಯಲಿಲ್ಲ.

ಈ ಪರೀಕ್ಷೆಯ ತಾತ್ಪರ್ಯವು ಬೆಲೆಯುಳ್ಳದ್ದು. ಜನರೊಡನೆ ಬೆರೆಯುವುದು ಒಳ್ಳೆಯದೇ. ಬಲ್ಲ ಆಟವನ್ನು ಆಡುವುದೂ ಕೆಟ್ಟದ್ದಲ್ಲ. ಆದರೆ ನೆನಪಿಗೆ ಬೇಕಾದ ವ್ಯಾಯಾಮ ದೊರೆಯುವುದು ತನಗೆ ಬಾರದ ವಿದ್ಯೆಯೊಡನೆ ದಿನದಿನವೂ ಗುದ್ದಾಡುವುದರಲ್ಲಿ. ಅದೇ ಬಳಗದವರು ೨೦೧೬ರಲ್ಲಿ ಪ್ರಕಟಿಸಿದ ಇನ್ನೊಂದು ಪರೀಕ್ಷೆಯಲ್ಲಿ, ಗಣಕದ ಪರಿಚಯವೇ ಇಲ್ಲದಿದ್ದ ವೃದ್ಧರಿಗೆ ಟ್ಯಾಬ್ಲೆಟ್ ಯಂತ್ರದ ಬಳಕೆಯನ್ನು ಮೂರು ತಿಂಗಳು ಕಲಿಸಲಾಗಿ, ಅಲ್ಲಿಯೂ ನೆನಪು ಸುಧಾರಿಸಿದ್ದು ಕಂಡುಬಂದಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ರಿವರ್‌ಸೈಡ್ ಶಾಖೆಯವರು ಸ್ಪ್ಯಾನಿಷ್ ಭಾಷೆ, ಚಿತ್ರಕಲೆ, ಸಂಗೀತರಚನೆ ಮೊದಲಾದವುಗಳನ್ನು ಏಕಕಾಲದಲ್ಲಿ ಕಲಿಸಿ ನೋಡಿದರು. ೨೦೨೦ರಲ್ಲಿ ಮುದ್ರಿತವಾದ ಅವರ ವರದಿಯಂತೆ, ಒಂದೂವರೆ ತಿಂಗಳಲ್ಲಿಯೇ ಆ ವೃದ್ಧರ ಅಂಕಗಳು ತಮಗಿಂತ ಮೂವತ್ತು ವರ್ಷ ಕಿರಿಯರ ಮಟ್ಟವನ್ನು ಮುಟ್ಟಿದವು. ಆದರೆ ಅಲ್ಲಿ ಕಲಿತವರ ಸಂಖ್ಯೆ ಬಹಳ ಚಿಕ್ಕದು. ಅಷ್ಟರಿಂದಲೇ ಡಂಗುರ ಹೊಡೆಯುವುದು ವಿವೇಕವಲ್ಲ.

ಶಾಲೆಯ ಬೆಂಚಿನ ಮೇಲೆ ಕುಳಿತು ಓದುವ ಪಾಠದ ಫಲವೇನು? ಆಸ್ಟ್ರೇಲಿಯದ ಟಾಸ್ಮೇನಿಯಾ ವಿಶ್ವವಿದ್ಯಾನಿಲಯದವರು ೫೦ರಿಂದ ೭೯ ವರ್ಷದವರನ್ನು ಕಾಲೇಜಿನ ಸಾಮಾನ್ಯ ತರಗತಿಗಳಿಗೆ ಕನಿಷ್ಠಪಕ್ಷ ಒಂದು ವರ್ಷ ಕಳುಹಿಸಿ, ಹಲವು ವರ್ಷಗಳವರೆಗೆ ಅವರನ್ನು ಪರೀಕ್ಷಿಸುತ್ತ ಬಂದರು. ಬುದ್ಧಿಯ ಮೀಸಲು ನಿಧಿ, ಅಂದರೆ ಮಿದುಳಿಗೆ ಹಾನಿ ತಟ್ಟಿದರೂ ವ್ಯವಹಾರ ಕೆಡದಂತೆ ಕಾಯುವ ಶಕ್ತಿಯು, ಓದಿದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಗೆ ವೃದ್ಧಿಯಾಗಿದ್ದಿತೆಂದೂ, ಓದದವರಲ್ಲಿ ನೂರಕ್ಕೆ ೫೬ ಮಂದಿಗೆ ಮಾತ್ರ ಹಾಗಾಗಿದ್ದಿತೆಂದೂ ೨೦೧೬ರಲ್ಲಿ ಅವರು ಪ್ರಕಟಿಸಿದರು. ಆದರೆ ಎರಡು ವರ್ಷಗಳ ತರುವಾಯ ಅದೇ ಪರೀಕ್ಷೆಯ ಮುಂದಿನ ವರದಿಯು, ಓದಿನಿಂದ ಭಾಷೆಯನ್ನು ಗ್ರಹಿಸಿ ಬಳಸುವ ಶಕ್ತಿ ಹೆಚ್ಚಿತೆಂದೂ, ನಡೆದ ಸಂಗತಿಯ ನೆನಪಿನಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದೂ ಹೇಳಿತು. ಇದನ್ನು ಮುಚ್ಚಿಡುವುದು ಪತ್ರಿಕಾಧರ್ಮವಲ್ಲ.

೨೦೨೩ರಲ್ಲಿ ಜಪಾನಿನ ತೊಹೊಕು ವಿಶ್ವವಿದ್ಯಾನಿಲಯದ ಇಬ್ಬರು ವಿದ್ವಾಂಸರು ಬ್ರಿಟನ್ನಿನ ೨,೮೨,೪೨೧ ಜನರ ದಾಖಲೆಗಳನ್ನು ಶೋಧಿಸಿದರು. ಇವರು ದಾಖಲಾದಾಗ ೪೦ರಿಂದ ೬೯ ವರ್ಷದವರು. ವಯಸ್ಕರ ತರಗತಿಗಳಿಗೆ ಹೋಗುತ್ತಿದ್ದವರಿಗೆ ಮುಂದಿನ ಐದು ವರ್ಷಗಳಲ್ಲಿ ಡಿಮೆನ್ಷಿಯಾ ಎಂಬ ಮರೆವಿನ ರೋಗ ತಗಲುವ ಸಂಭವವು, ಹೋಗದವರಿಗಿಂತ ನೂರಕ್ಕೆ ೧೯ರಷ್ಟು ಕಡಿಮೆಯಾಗಿತ್ತು. ಹೊಸ ಸಮಸ್ಯೆಯನ್ನು ಬಿಡಿಸುವ ಬುದ್ಧಿಯೂ ಅವರಲ್ಲಿ ಚೆನ್ನಾಗಿ ಉಳಿದಿತ್ತು. ಕಂಡ ವಸ್ತುಗಳ ಸ್ಥಾನವನ್ನು ನೆನಪಿಡುವ ಶಕ್ತಿಯಲ್ಲಿ ಮಾತ್ರ ಅಂತಹ ಭೇದವಿರಲಿಲ್ಲ. ಇಲ್ಲಿ ಕಾನೂನು ಬಲ್ಲ ವಾಚಕರು ಒಂದು ಆಕ್ಷೇಪಣೆಯನ್ನು ಎತ್ತದೆ ಬಿಡರು: ತರಗತಿಗೆ ಹೋದುದರಿಂದ ಅವರ ಬುದ್ಧಿ ಉಳಿಯಿತೋ, ಬುದ್ಧಿ ಗಟ್ಟಿಯಾಗಿದ್ದವರೇ ತರಗತಿಗೆ ಹೋದರೋ? ಆಕ್ಷೇಪಣೆ ನ್ಯಾಯವಾದುದು. ಓದು, ಆರೋಗ್ಯ, ವರಮಾನ ಮುಂತಾದವುಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅಂತರವು ಉಳಿಯಿತೆಂಬುದು ನಿಜ. ಆದರೂ ಇಂತಹ ದಾಖಲೆಗಳ ಶೋಧನೆಯು ಸೂಚನೆಯನ್ನು ಕೊಡಬಲ್ಲುದೇ ಹೊರತು ಡಿಕ್ರಿಯನ್ನು ಕೊಡಲಾರದು. ಆದಕಾರಣವೇ ಡಲ್ಲಾಸಿನ ಪರೀಕ್ಷೆಯಂತೆ ಹೋಲಿಕೆಯ ಗುಂಪುಗಳನ್ನು ಕಟ್ಟಿ ಅಳೆದು ನೋಡಿದ ಪ್ರಯೋಗಗಳಿಗೆ ಹೆಚ್ಚು ಬೆಲೆ.

ನೆನಪಿನ ಉಪಾಯಗಳನ್ನೇ ಕಲಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ಅದನ್ನೂ ನೋಡಿಯಾಗಿದೆ. ಅಮೆರಿಕದಲ್ಲಿ ೧೯೯೮ರಲ್ಲಿ ಆರಂಭವಾದ ಒಂದು ದೊಡ್ಡ ಪ್ರಯೋಗದಲ್ಲಿ ೬೫ರಿಂದ ೯೪ ವರ್ಷದ ೨,೮೩೨ ಮಂದಿಯಲ್ಲಿ ಕೆಲವರಿಗೆ ನೆನಪಿನ ಉಪಾಯಗಳನ್ನೂ, ಕೆಲವರಿಗೆ ತರ್ಕವನ್ನೂ, ಕೆಲವರಿಗೆ ಶೀಘ್ರಗ್ರಹಣವನ್ನೂ ಹತ್ತು ಪಾಠಗಳಲ್ಲಿ ಕಲಿಸಿದರು. ಯಾವುದನ್ನು ಕಲಿತರೋ ಅದೊಂದು ಸುಧಾರಿಸಿತು; ಬೇರೆಯದಕ್ಕೆ ಅದು ಹರಡಲಿಲ್ಲ. ಹತ್ತು ವರ್ಷಗಳ ಮೇಲೆ ನೋಡಲಾಗಿ ತರ್ಕದ ಮತ್ತು ಶೀಘ್ರಗ್ರಹಣದ ಪಾಠಗಳ ಫಲವು ಉಳಿದಿತ್ತು, ನೆನಪಿನ ಪಾಠದ ಫಲವು ಉಳಿದಿರಲಿಲ್ಲ. ಇನ್ನು ದೂರವಾಣಿಯಲ್ಲಿ ಆಡುವ “ಬುದ್ಧಿ ಬೆಳೆಸುವ” ಆಟಗಳ ವಿಷಯ. ಇಂತಹ ಆಟಗಳನ್ನು ಮಾರುತ್ತಿದ್ದ ಅಮೆರಿಕದ ಸಂಸ್ಥೆಯೊಂದು, ಮುಪ್ಪಿನ ಮರೆವನ್ನು ತಡೆಯುವುದಾಗಿ ಆಧಾರವಿಲ್ಲದೆ ಜಾಹೀರಾತು ಮಾಡಿತೆಂಬ ಆರೋಪದ ಮೇಲೆ ೨೦೧೬ರಲ್ಲಿ ಅಲ್ಲಿನ ಸರ್ಕಾರಕ್ಕೆ ೨೦ ಲಕ್ಷ ಡಾಲರ್ ತೆರಲು ಒಪ್ಪಬೇಕಾಯಿತು. ಪಿಂಚಣಿದಾರರು ಇದನ್ನು ನೆನಪಿನಲ್ಲಿಡಲಿ.

ನಮ್ಮ ಪಾಠಶಾಲೆಯ ಕ್ರಮ

ತರಗತಿಯಲ್ಲಿ ನೆನಪಿಗೆ ಬಲ ಕೊಡುವ ಅಂಶ ಯಾವುದು? ಈ ಲೇಖಕನು ಬಾಲ್ಯದಲ್ಲಿ ಅಕ್ಷರ ಕಲಿತದ್ದು ಪಾಠಶಾಲೆಯಲ್ಲಿ. ಅಲ್ಲಿ ನಿನ್ನೆಯ ಪಾಠವನ್ನು ಒಪ್ಪಿಸದವನಿಗೆ ಇಂದಿನ ಪಾಠವಿರಲಿಲ್ಲ. ಪುಸ್ತಕವನ್ನು ಮುಚ್ಚಿ, ಗುರುಗಳ ಮುಂದೆ ನಿಂತು, ಅಮರಕೋಶವನ್ನೋ ಶಬ್ದರೂಪಗಳನ್ನೋ ಹೇಳಬೇಕು. ತಪ್ಪಿದರೆ ಅಲ್ಲಿಯೇ ತಿದ್ದಿಸಿಕೊಳ್ಳಬೇಕು. ವಾರಕ್ಕೊಮ್ಮೆ ಹಿಂದಿನದನ್ನೆಲ್ಲ ಮತ್ತೆ ಹೇಳಬೇಕು. ಮೆಟ್ರಿಕ್ಯುಲೇಷನ್ನಿಗೆ ಓದುವ ಕಾಲದಲ್ಲಿ ಅದನ್ನು ಹಳೆಯ ಕಾಲದ ಉರುಹೊಡೆತವೆಂದು ನಾವೇ ಹಾಸ್ಯ ಮಾಡಿದ್ದುಂಟು. ಆದರೆ ಬಿಡುವುಕೊಟ್ಟು ಮತ್ತೆ ಮತ್ತೆ ಓದಿದ ಪಾಠವು ಹೆಚ್ಚು ಕಾಲ ನಿಲ್ಲುವುದೆಂದು ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ಪಂಡಿತನು ೧೮೮೫ರಷ್ಟು ಹಿಂದೆಯೇ ತೋರಿಸಿದ್ದನು. ಓದಿದ್ದನ್ನೇ ಮತ್ತೆ ಓದುವವರಿಗಿಂತ, ಪುಸ್ತಕ ಮುಚ್ಚಿ ನೆನಪಿನಿಂದ ಹೇಳಲು ಯತ್ನಿಸುವವರಿಗೆ ವಾರದ ಮೇಲೆ ಹೆಚ್ಚು ನೆನಪಿರುವುದೆಂದು ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ವಿದ್ವಾಂಸರು ೨೦೦೬ರಲ್ಲಿ ತೋರಿಸಿದರು. ನಮ್ಮ ಗುರುಗಳು ಯಾವ ಪ್ರಯೋಗಶಾಲೆಯನ್ನೂ ಕಾಣದೆ ಆಚರಿಸುತ್ತಿದ್ದುದು ಇದನ್ನೇ. ಅರ್ಥವರಿಯದ ಬಾಯಿಪಾಠವನ್ನು ನಾವು ಹೊಗಳುತ್ತಿಲ್ಲ. ಒಪ್ಪಿಸುವ ಕ್ರಮವನ್ನು ಹೊಗಳುತ್ತಿದ್ದೇವೆ.

ಮನೆಯಲ್ಲಿ ಒಬ್ಬರೇ ಓದುವುದಕ್ಕೂ ತರಗತಿಗೂ ಇರುವ ಭೇದವು ಇಲ್ಲಿಯೇ ಇದೆ. ತರಗತಿಗೆ ಗೊತ್ತಾದ ವೇಳೆಯುಂಟು, ಹೊರಡುವುದಕ್ಕೆ ಮುಂಚೆ ನಿನ್ನೆಯದನ್ನು ತಿರುವಿಹಾಕುವ ಹಂಗುಂಟು, ಒಪ್ಪಿಸಲು ಗುರುವುಂಟು, ತಪ್ಪಿದಾಗ ನಕ್ಕು, ತಾವೂ ತಪ್ಪುವ ಸಹಪಾಠಿಗಳುಂಟು. ಗಮಕವೋ, ಸಂಸ್ಕೃತವೋ, ವೀಣೆಯೋ, ಗಣಕಯಂತ್ರವೋ, ಶಾಸನಗಳ ಹಳೆಯ ಲಿಪಿಯೋ, ವಿಷಯ ಯಾವುದಾದರೂ ಆಗಬಹುದು. ಅದು ಕಲಿಯುವವರಿಗೆ ಹೊಸದಾಗಿರಬೇಕು, ಸ್ವಲ್ಪ ಕಷ್ಟವಾಗಿರಬೇಕು, ನಾಲ್ಕು ದಿನ ನಡೆದು ನಿಂತುಹೋಗದೆ ತಿಂಗಳುಗಟ್ಟಲೆ ಮುಂದುವರಿಯಬೇಕು. ಐವತ್ತು ವರ್ಷಗಳಿಂದ ಇಸ್ಪೀಟಿನಲ್ಲಿ ಪಳಗಿದವರು ಇಸ್ಪೀಟಿನ ಕ್ಲಬ್ಬಿಗೆ ಹೋಗುವುದು ವಿನೋದಕ್ಕೆ ಸರಿ, ನೆನಪಿನ ವ್ಯಾಯಾಮಕ್ಕೆ ಸಾಲದು.

ಅಕ್ಷರವೇ ಇಲ್ಲದವರ ಮಾತು

ಇಷ್ಟರವರೆಗೆ ಹೇಳಿದ್ದು ಓದುಬಲ್ಲ ಪಟ್ಟಣಿಗರ ವಿಷಯ. ಆದರೆ ನಮ್ಮ ದೇಶದಲ್ಲಿ ಈ ಪ್ರಶ್ನೆಯ ಭಾರವು ಹೆಚ್ಚಾಗಿ ಬೀಳುವುದು ಬೇರೆಯವರ ಮೇಲೆ. ೨೦೨೩ರಲ್ಲಿ ಪ್ರಕಟವಾದ ಅಖಿಲ ಭಾರತದ ಸಮೀಕ್ಷೆಯೊಂದರ ಅಂದಾಜಿನಂತೆ, ೬೦ ದಾಟಿದವರಲ್ಲಿ ನೂರಕ್ಕೆ ೭.೪ ಮಂದಿಗೆ, ಎಂದರೆ ಸುಮಾರು ೮೮ ಲಕ್ಷ ಜನರಿಗೆ, ಮರೆವಿನ ರೋಗವಿದೆ. ಪುರುಷರಿಗಿಂತ ಸ್ತ್ರೀಯರಲ್ಲಿಯೂ, ಓದಿದವರಿಗಿಂತ ಓದದವರಲ್ಲಿಯೂ ಅದು ಹೆಚ್ಚು. ಬಾಲ್ಯದಲ್ಲಿ ಶಾಲೆಯ ಬಾಗಿಲನ್ನು ಯಾರಿಗೆ ಮುಚ್ಚಿದ್ದೆವೋ, ಮುಪ್ಪಿನಲ್ಲಿ ದಂಡ ತೆರುತ್ತಿರುವವರೂ ಅವರೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ೪೫ ದಾಟಿದವರನ್ನು ಬಹುಕಾಲದವರೆಗೆ ಪರೀಕ್ಷಿಸುವ ಕಾರ್ಯವನ್ನು ಕೈಗೊಂಡಿರುವುದು ಈ ದೃಷ್ಟಿಯಿಂದ ಸ್ತುತ್ಯವಾಗಿದೆ.

ಅಕ್ಷರ ಕಲಿಯುವುದಕ್ಕೆ ಕಾಲ ಮೀರಿತೆನ್ನುವವರಿಗೆ ನೆರೆಯ ರಾಜ್ಯಗಳ ಎರಡು ಉದಾಹರಣೆಗಳು ಸಾಕು. ಮಹಾರಾಷ್ಟ್ರದ ಠಾಣೆ ಜಿಲ್ಲೆಯ ಫಾಂಗಣೆ ಎಂಬ ಹಳ್ಳಿಯಲ್ಲಿ ೨೦೧೬ರ ಮಾರ್ಚ್ ೮ರಂದು ಅಜ್ಜಿಯರ ಶಾಲೆಯೊಂದು ಆರಂಭವಾಯಿತು. ಅರವತ್ತು ದಾಟಿದ ಹೆಂಗಸರು ಗುಲಾಬಿ ಬಣ್ಣದ ಸೀರೆಯನ್ನೇ ಸಮವಸ್ತ್ರವಾಗಿ ಉಟ್ಟು, ಚೀಲ ಹೆಗಲಿಗೇರಿಸಿ, ಮಧ್ಯಾಹ್ನ ಪಾಠಕ್ಕೆ ಬಂದರು. ಕೇರಳದಲ್ಲಿ ಕಾರ್ತ್ಯಾಯನಿ ಅಮ್ಮ ಎಂಬ ವೃದ್ಧೆಯು ೨೦೧೮ರಲ್ಲಿ, ತಮ್ಮ ೯೬ನೆಯ ವಯಸ್ಸಿನಲ್ಲಿ, ಸರ್ಕಾರದ ಸಾಕ್ಷರತಾ ಪರೀಕ್ಷೆಗೆ ಕುಳಿತು ನೂರಕ್ಕೆ ೯೮ ಅಂಕಗಳನ್ನು ಪಡೆದು ಮೊದಲಿಗರಾದರು. ೨೦೨೩ರಲ್ಲಿ ಅವರು ತೀರಿಕೊಂಡಾಗ ಅವರಿಗೆ ೧೦೧ ವರ್ಷ. ಒಬ್ಬಿಬ್ಬರ ಉದಾಹರಣೆಯಿಂದ ಶಾಸ್ತ್ರ ಸಿದ್ಧವಾಗದೆಂಬುದನ್ನು ನಾವು ಬಲ್ಲೆವು. ಆದರೆ “ಆಗದು” ಎಂಬ ಮಾತನ್ನು ಸುಳ್ಳಾಗಿಸಲು ಒಂದು ಉದಾಹರಣೆಯೇ ಸಾಕಾಗುತ್ತದೆ.

ಮಾಡತಕ್ಕದ್ದೇನು?

ಮೊದಲು ಎಚ್ಚರಿಕೆಯ ಮಾತು. ತರಗತಿಯು ಔಷಧವಲ್ಲ. ಹೆಸರು ಮರೆತು ಆಮೇಲೆ ನೆನಪಾಗುವುದು ವಯಸ್ಸಿನ ಧರ್ಮ; ದಿನವೂ ನಡೆದ ಬೀದಿಯಲ್ಲಿ ಮನೆಯ ದಾರಿ ತಪ್ಪುವುದು, ಬಹುಕಾಲ ಮಾಡಿದ ಲೆಕ್ಕ ಬಾರದಿರುವುದು ವೈದ್ಯರಿಗೆ ತೋರಿಸತಕ್ಕ ಲಕ್ಷಣ. ರೋಗ ತಗಲಿದವರಿಗೆ “ನೀವು ಏನನ್ನೂ ಕಲಿಯಲಿಲ್ಲ, ಅದಕ್ಕೇ ಹೀಗಾಯಿತು” ಎಂದು ಹೇಳುವುದು ಸುಳ್ಳೂ ಹೌದು, ಕ್ರೌರ್ಯವೂ ಹೌದು. ಕಿವಿ ಮಂದವಾಗಿರುವವರನ್ನು ಮರೆಗುಳಿಗಳೆಂದು ಭಾವಿಸುವ ತಪ್ಪೂ ನಮ್ಮ ಮನೆಗಳಲ್ಲಿ ಸಾಮಾನ್ಯ. ಶ್ರವಣದೋಷವೂ ದೃಷ್ಟಿದೋಷವೂ ಮರೆವಿನ ರೋಗದ ಸಂಭವವನ್ನು ಹೆಚ್ಚಿಸುವವೆಂದು ೨೦೨೪ರ ಲ್ಯಾನ್ಸೆಟ್ ಆಯೋಗದ ವರದಿಯು ಹೇಳಿದೆ. ಪಾಠಕ್ಕೆ ಕುಳಿತುಕೊಳ್ಳುವ ಮುಂಚೆ ಕಿವಿ ಕಣ್ಣುಗಳ ಪರೀಕ್ಷೆಯಾಗಲಿ.

ಎರಡನೆಯದಾಗಿ, ಪ್ರತಿಯೊಂದು ಊರಿನಲ್ಲಿಯೂ ಸಂಜೆ ಐದರ ಮೇಲೆ ಬೀಗ ಬೀಳುವ ಶಾಲಾ ಕೊಠಡಿಗಳಿವೆ, ವಾಚನಾಲಯಗಳಿವೆ, ಕಲಿಸಬಲ್ಲ ನಿವೃತ್ತ ಉಪಾಧ್ಯಾಯರಿದ್ದಾರೆ. ಫ್ರಾನ್ಸ್ ದೇಶದ ತೂಲೂಸ್ ನಗರದಲ್ಲಿ ೧೯೭೩ರಲ್ಲಿಯೇ ವೃದ್ಧರಿಗಾಗಿ “ಮೂರನೆಯ ವಯಸ್ಸಿನ ವಿಶ್ವವಿದ್ಯಾನಿಲಯ”ವು ಆರಂಭವಾಯಿತು. ಅದು ಬ್ರಿಟನ್ನಿಗೆ ಹಬ್ಬಿದಾಗ ಹಿರಿಯರೇ ಹಿರಿಯರಿಗೆ ಕಲಿಸುವ ಪದ್ಧತಿ ಬೆಳೆಯಿತು. ನಮ್ಮಲ್ಲಿಯೂ ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. ಬೆನ್ನೊರಗುವ ಕುರ್ಚಿ, ಚೆನ್ನಾದ ದೀಪ, ದೊಡ್ಡ ಅಕ್ಷರದ ಪುಸ್ತಕ, ಹತ್ತಲು ಮೆಟ್ಟಿಲಿಲ್ಲದ ಕೊಠಡಿ, ಅವಸರಪಡದ ಗುರು, ಇಷ್ಟಿದ್ದರೆ ಸಾಕು. ಪುರಸಭೆಗಳೂ ಗ್ರಂಥಾಲಯದ ಅಧಿಕಾರಿಗಳೂ ಇದನ್ನು ಯೋಚಿಸಬೇಕು. ಅರ್ಜಿಗಳಲ್ಲಿ ವಯಸ್ಸಿನ ಮೇಲ್ಮಿತಿಯನ್ನು ಬರೆದಿಟ್ಟಿರುವ ಸಂಸ್ಥೆಗಳು ಅದನ್ನು ಹೊಡೆದುಹಾಕಬೇಕು.

ಮೂರನೆಯದು ನೌಕರಿಯಲ್ಲಿರುವ ವಾಚಕರಿಗೆ. ಕರ್ನಾಟಕದ ಸರ್ಕಾರಿ ನೌಕರರಿಗೆ ೬೦ಕ್ಕೆ ನಿವೃತ್ತಿ. ಪಿಂಚಣಿಯ ಕಾಗದಪತ್ರಗಳನ್ನು ಮುಂಚೆಯೇ ಸಿದ್ಧಪಡಿಸಿಕೊಳ್ಳುವ ನಾವು, ಆಮೇಲಿನ ಬೆಳಗು ಸಂಜೆಗಳಿಗೆ ಏನನ್ನು ಸಿದ್ಧಪಡಿಸಿದ್ದೇವೆ? ಐವತ್ತೈದರಲ್ಲಿಯೇ ಒಂದು ಹೊಸ ವಿದ್ಯೆಗೆ ಕೈಹಾಕಿದವನಿಗೆ ನಿವೃತ್ತಿಯ ದಿನ ಹಾರವನ್ನು ಹಿಡಿದು ಬರಿದಾದ ಮನೆಗೆ ಮರಳುವ ಸಂಕಟವಿರಲಾರದು. ಈ ಲೇಖಕನೂ ಆ ವಯಸ್ಸಿನವನೇ ಆದುದರಿಂದ ಈ ಉಪದೇಶವು ತನಗೂ ಸೇರಿದ್ದು.

ನಮ್ಮ ಸ್ನೇಹಿತರ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೆವು. ಅವರು ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಪಾಠ ಹೇಳುವವರನ್ನೇ ಕಂಡು, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಲು ಅನುಮತಿ ಪಡೆದರು. ಮೊದಲು ತಲೆಕಟ್ಟಿನ ಗೆರೆ ಎಳೆದು, ಲೇಖನಿ ಎತ್ತದೆ ಅಕ್ಷರದಿಂದ ಅಕ್ಷರಕ್ಕೆ ಓಡುವ ಆ ಲಿಪಿಯು ಎರಡು ತಿಂಗಳು ಅವರ ಬೆವರಿಳಿಸಿತು. ಎಂಟು ತಿಂಗಳ ಮೇಲೆ, ಹಳ್ಳಿಯ ರೈತನೊಬ್ಬನು ತನ್ನ ಮುತ್ತಜ್ಜನ ಕಾಲದ ಜಮೀನಿನ ಕಾಗದವನ್ನು ತಂದಾಗ, ತರಗತಿಯ ಹುಡುಗರೆಲ್ಲ ತೊಡರಿದ ಒಂದು ಸಾಲನ್ನು ಅವರು ಓದಿ ಹೇಳಿದರು. ಕಂದಾಯದ ಪದ ಯಾವುದಿರಬಹುದೆಂಬುದು ಅವರಿಗೆ ಅನುಭವದಿಂದ ಗೊತ್ತಿತ್ತು. ಈಗಲೂ ಅವರು ಕನ್ನಡಕವನ್ನು ಹುಡುಕುತ್ತಾರೆ. ಹೆಸರುಗಳು ಈಗಲೂ ಒಮ್ಮೊಮ್ಮೆ ತಡವಾಗಿ ಬರುತ್ತವೆ. ಆದರೆ ಕಳೆದ ವಾರದ ಪಾಠದಲ್ಲಿ ಯಾರು ಎಲ್ಲಿ ತಪ್ಪಿದರೆಂಬುದನ್ನು ಅವರು ನಮಗೆ ಸವಿಸ್ತಾರವಾಗಿ ಹೇಳಬಲ್ಲರು. ನೆನಪು ಹೆಚ್ಚಿತೇ ಎಂದು ನಾವು ಕೇಳಿದುದಕ್ಕೆ, “ಅದನ್ನು ಅಳೆಯುವವರು ಅಳೆಯಲಿ, ನೆನಪಿಡತಕ್ಕ ದಿನಗಳಂತೂ ಬಂದಿವೆ” ಎಂದು ಉತ್ತರ ಕೊಟ್ಟರು.

ಅಂತಹ ದಿನಗಳನ್ನು ನಮ್ಮ ಊರಿನ ಹಿರಿಯರಿಗೆ ಒದಗಿಸಲು ಸಂಜೆಯ ಒಂದು ಗಂಟೆ, ಒಂದು ಕೊಠಡಿ, ಒಂದು ದೀಪ ಬೇಕು. ಇಷ್ಟನ್ನು ಕೊಡಲಾರದಷ್ಟು ಬಡತನ ನಮ್ಮ ಯಾವ ಪುರಸಭೆಗೂ ಬಂದಿಲ್ಲವೆಂದು ನಾವು ನಂಬಿದ್ದೇವೆ.